ಗಾಳ ಎಲ್ಲಿ ಹಾಕುವುದು?

ಕಳೆದ ವರ್ಷದ ದಸರಾ ರಜೆಯಲ್ಲಿ ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳು ಬೆಂಗಳೂರಿನಿಂದ ಬಂದರು. ನಾವೆಲ್ಲ ಸೇರಿ ಶಿವಮೊಗ್ಗದಿಂದ ಘಟ್ಟ ಇಳಿದು ಕುಂದಾಪುರದ ಕೋಡಿಯಲ್ಲಿರುವ ನನ್ನ ಸೋದರಮಾವನ ಮನೆಗೆ ಹೋದೆವು. ಅಳಿಯನ ಕೈಯಲ್ಲಿ ಉದ್ದನೆಯ ಒಂದು ಚೀಲವಿತ್ತು. ನಾನು ಕೊಡೆಯೋ ಏನೋ ಎಂದುಕೊಂಡೆ. ಬಿಚ್ಚಿದರೆ ಒಳಗೆ ಮೀನು ಹಿಡಿಯುವ ಕೋಲು, ನೂಲು ಸುತ್ತುವ ರಾಟೆ, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು! ಬೆಲೆ ಎಷ್ಟೆಂದು ಕೇಳಿದೆ. ಮಗಳು ಕಣ್ಣಲ್ಲೇ ಸುಮ್ಮನಿರು ಎಂದಳು.

ಕಾಫಿ ಆದಮೇಲೆ ಅಳಿಯ ಫೋನು ತೆರೆದು ತಾನು ಗುರುತು ಹಾಕಿಕೊಂಡಿದ್ದ ಜಾಗಗಳನ್ನು ಓದಿ ಹೇಳಿದ. ಕೋಡಿಯಲ್ಲಿ ಸಮುದ್ರದೊಳಕ್ಕೆ ಚಾಚಿರುವ ಕಲ್ಲಿನ ತಡೆಗೋಡೆ ಒಂದು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆ ಇನ್ನೊಂದು. ಬೈಂದೂರಿನ ಸೋಮೇಶ್ವರದ ಬಂಡೆಗಳೂ ಪಟ್ಟಿಯಲ್ಲಿದ್ದವು. ಅದೂ ಆಗದಿದ್ದರೆ ಮಲ್ಪೆಗೆ ಹೋಗಿ ದೋಣಿ ಗೊತ್ತುಮಾಡಿಕೊಂಡು ಸೇಂಟ್ ಮೇರಿ ದ್ವೀಪದ ಕಡೆ ಹೋಗಬಹುದಂತೆ. ‘ಯಾವುದು ಒಳ್ಳೇದು ಅಜ್ಜ?’ ಎಂದು ಮಾವನನ್ನು ಕೇಳಿದ.

ಮಾವನಿಗೆ ಈಗ ಎಂಬತ್ತು. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಜಗಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡು, ‘ಇವತ್ತ್ ತಿಥಿ ಎಂತ?’ ಎಂದರು.

ಅಳಿಯ ತಬ್ಬಿಬ್ಬಾದ. ಅವನ ಪಟ್ಟಿಯಲ್ಲಿ ಊರುಗಳಿದ್ದವು, ತಿಥಿ ಇರಲಿಲ್ಲ. ವಿಜಯದಶಮಿ ಎಂದು ನಾನೇ ಹೇಳಿದೆ. ಹಾಗಾದರೆ ನಾಳೆ ಏಕಾದಶಿ, ಭರತ ಎಷ್ಟು ಹೊತ್ತಿಗೆ ಎಂದು ಮಾವ ಬೆರಳು ಮಡಿಚಿ ಲೆಕ್ಕ ಹಾಕತೊಡಗಿದರು. ಹುಣ್ಣಿಮೆ ಅಮಾವಾಸ್ಯೆಗಳಂದು ಇಲ್ಲಿ ನೀರು ತುಂಬುವುದು ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಹಿಂದಕ್ಕೆ ಹೋಗುತ್ತ ಬಂದರೆ ಏಕಾದಶಿಯಂದು ಬೆಳಿಗ್ಗೆ ಎಂಟರ ಸುಮಾರು. ಅಳಿಯ ಫೋನಿನಲ್ಲಿ ಹುಡುಕಿ ನೋಡಿದ. ಹೆಚ್ಚು ವ್ಯತ್ಯಾಸವಿರಲಿಲ್ಲ.

ಜಾಗ ಆರಿಸುವ ಈ ಮಾತು ನಡೆಯುತ್ತಿದ್ದಾಗ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವಳ ದುರಭ್ಯಾಸ ಅನ್ನಿ.

ಪಠ್ಯಪುಸ್ತಕಗಳಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನಿಗೆ ಸಿಗುವುದು ಒಂದೆರಡು ಸಾಲು. ಸರ್ವಜ್ಞ ಚಕ್ರವರ್ತಿ ಎಂಬ ಬಿರುದು, ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ, ಅಷ್ಟೇ. ಮಕ್ಕಳು ಅದನ್ನು ಬಿಟ್ಟ ಸ್ಥಳ ತುಂಬುವುದಕ್ಕೆ ಬಾಯಿಪಾಠ ಮಾಡುತ್ತಾರೆ. ಆದರೆ 1130ರ ಸುಮಾರಿನ ಆ ಗ್ರಂಥದಲ್ಲಿ ಅರಸರ ವಿನೋದಗಳ ನಡುವೆ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಸಮುದ್ರದ ಮತ್ತು ಸಿಹಿನೀರಿನ ಸುಮಾರು 35 ಬಗೆಯ ಮೀನುಗಳ ಹೆಸರು, ಯಾವುದಕ್ಕೆ ಯಾವ ಆಹಾರ, ಕೋಲು ಹೇಗಿರಬೇಕು, ನೂಲು ಹೇಗಿರಬೇಕು, ಎಲ್ಲ ಅದರಲ್ಲಿದೆ. ಕಡಲಿನಿಂದ ಅಷ್ಟು ದೂರದ ಕಲ್ಯಾಣದಲ್ಲಿ ಕುಳಿತ ಅರಸನಿಗೆ ಕಡಲ ಮೀನಿನ ವಿಷಯ ಯಾರು ಹೇಳಿಕೊಟ್ಟರೋ! ಸುಂದರಲಾಲ್ ಹೋರಾ ಎಂಬ ಮತ್ಸ್ಯವಿಜ್ಞಾನಿ 1951ರಲ್ಲಿ ಈ ಅಧ್ಯಾಯದ ಮೇಲೆ ಒಂದು ಲೇಖನ ಬರೆದಿದ್ದಾರೆ.

ಅದರ ಸಾರಾಂಶ ಓದಿದಾಗ ನನಗೆ ನಗು ತರಿಸಿದ್ದು ಮೀನಿಗೆ ತಿನ್ನಿಸುವ ವಿಚಾರ. ಮೀನುಗಳಿಗೆ ಬೇಕಾದ ಉಂಡೆ ಹಾಕಿ, ಬೆಳೆಸಿ, ರೂಢಿ ಮಾಡಿಸಿ, ಆಮೇಲೆ ಗಾಳ. ಅಂದರೆ ಎಲ್ಲಿಗೆ ಹೋಗುವುದೆಂಬ ಚಿಂತೆ ಅರಸನಿಗಿರಲಿಲ್ಲ. ಆ ಉಂಡೆ ಕಟ್ಟಿದ ಕೈಗಳ ಹೆಸರು ಗ್ರಂಥದಲ್ಲಿಲ್ಲ.

ನಮ್ಮ ಕೇರಿಯವರಿಗೆ ಎಲ್ಲಿ ಎಂಬುದೇ ಅನ್ನದ ಪ್ರಶ್ನೆಯಾಗಿತ್ತು.

ನಾವು ಮೊಗವೀರರು. ಅಮ್ಮ ಮದುವೆಯಾಗಿ ಘಟ್ಟದ ಮೇಲೆ ಬಂದಳು. ನಮ್ಮದು ಅಳಿಯಸಂತಾನದ ಮನೆಯಾದ್ದರಿಂದ ರಜೆ ಬಂತೆಂದರೆ ಅಜ್ಜಿಯ ಮನೆಯೇ ನಮ್ಮ ಮನೆ. ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿಯ ಮೇಲೆ ತೆಂಗಿನ ಮರಗಳು, ಅವುಗಳ ನಡುವೆ ಮನೆ. ಹಿಂದಿನ ಬಾಗಿಲು ತೆರೆದರೆ ಪಂಚಗಂಗಾವಳಿಯ ನೀರು, ಮುಂದಿನ ಬಾಗಿಲಲ್ಲಿ ಕಡಲಿನ ಸದ್ದು.

ರಂಪಣಿ ಎಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1974 ಇರಬೇಕು, ನನಗೆ ಆರು ವರ್ಷ. ಬೆಳಕು ಹರಿಯುವ ಮೊದಲೇ ಯಾರೋ ಕೂಗಿದರು. ಗಂಡಸರೆಲ್ಲ ಓಡಿದರು. ಮಳೆಗಾಲ ಮುಗಿದ ಮೇಲೆ ಬಂಗುಡೆ, ಬೈಗೆ ಮೀನುಗಳ ಹಿಂಡು ದಂಡೆಗೆ ಹತ್ತಿರ ಬರುತ್ತದೆ. (ಮಂಗಳೂರು ಕಡೆ ಬೂತಾಯಿ ಎನ್ನುವುದನ್ನೇ ನಾವು ಬೈಗೆ ಎನ್ನುತ್ತೇವೆ.) ಮಳೆಗಾಲದಲ್ಲಿ ಕಡಲಿನ ತಳದ ತಣ್ಣನೆಯ ನೀರು ಮೇಲಕ್ಕೆ ಬಂದು, ಅದರ ಸಾರದಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಬೆಳೆದು, ಅವನ್ನು ಅರಸಿ ಮೀನು ಬರುತ್ತದೆಂದು ವಿಜ್ಞಾನದವರು ಹೇಳುತ್ತಾರೆ. ನಮ್ಮವರು ನೋಡುತ್ತಿದ್ದುದು ನೀರಿನ ಬಣ್ಣ, ಹಕ್ಕಿಗಳ ಹಾರಾಟ. ಕತ್ತಲ ರಾತ್ರಿಯಲ್ಲಾದರೆ ಹಿಂಡು ಸರಿದ ಕಡೆ ನೀರು ಹೊಳೆಯುವುದನ್ನು. ಆ ದಿನ ಹಿಂಡು ಕಂಡವರಲ್ಲಿ ನನ್ನ ಮಾವನೂ ಒಬ್ಬ. ಆಗ ಇಪ್ಪತ್ತೊಂಬತ್ತರ ಹುಡುಗ.

ಬಲೆ ತುಂಬಿದ ದೊಡ್ಡ ದೋಣಿ ದಂಡೆಯಿಂದ ಹೊರಟು ಹಿಂಡಿನ ಆಚೆ ಬದಿಯಲ್ಲಿ ಕಮಾನಿನಂತೆ ಸುತ್ತಿ ಮತ್ತೆ ದಂಡೆಗೆ ಬಂತು. ಬಲೆ ಅರ್ಧ ಮೈಲಿಗೂ ಉದ್ದ. ಎರಡೂ ತುದಿಯ ಹಗ್ಗಕ್ಕೆ ನಲವತ್ತು ಐವತ್ತು ಜನ ಸೇರಿ ನಿಂತರು. ಎಳೆಯುವಾಗ ಹೇಳುವ ಪದ ಇತ್ತು, ಒಬ್ಬ ಹೇಳಿ ಉಳಿದವರು ಹಿಡಿಯುವಂಥದು. ಬೆಳಗಿನಿಂದ ಎಳೆದರೂ ಬಲೆ ದಡ ಸೇರಿದ್ದು ಹೊತ್ತು ನೆತ್ತಿಗೇರಿದ ಮೇಲೆ. ಕೊನೆಕೊನೆಗೆ ನೀರು ಕುದಿಯುವಂತೆ ಕಂಡಿತು. ಅಷ್ಟು ಮೀನನ್ನು ಒಂದೇ ದಿನ ಮಾರುವುದು ಸಾಧ್ಯವಿರಲಿಲ್ಲ. ಬಲೆಯನ್ನು ಹಾಗೆಯೇ ನೀರಿನಲ್ಲಿ ಕಟ್ಟಿ ನಿಲ್ಲಿಸಿ, ಜೀವಂತ ಮೀನನ್ನು ಬೇಕಾದಷ್ಟು ಮೊಗೆದರು. ಮರುದಿನ, ಮೂರನೆಯ ದಿನವೂ ಅದೇ ಬಲೆಯಿಂದ ಮೀನು ತೆಗೆದದ್ದು ನನಗೆ ನೆನಪಿದೆ.

ಇಷ್ಟು ಉದ್ದದ ಬಲೆ ಒಬ್ಬನದಾಗಲು ಸಾಧ್ಯವಿಲ್ಲ. ಒಂದೊಂದು ಮನೆಯಿಂದ ಇಷ್ಟಿಷ್ಟು ತುಂಡು ಬರಬೇಕು, ಅವನ್ನೆಲ್ಲ ಸೇರಿಸಿ ಹೊಲಿದರೆ ರಂಪಣಿ. ತುಂಡಿಗೆ ತಕ್ಕ ಪಾಲು, ಎಳೆದವನಿಗೆ ಪಾಲು, ನಮ್ಮ ಕೇರಿಯಲ್ಲಿ ದೇವಸ್ಥಾನಕ್ಕೂ ಒಂದು ಪಾಲು. ಯಾವ ಗುಂಪು ಯಾವ ದಂಡೆಯಲ್ಲಿ ಬಲೆ ಬಿಡಬೇಕು, ಎರಡು ಗುಂಪಿಗೆ ಒಂದೇ ಹಿಂಡು ಕಂಡರೆ ಯಾರದು ಮೊದಲು ಎಂಬುದಕ್ಕೆಲ್ಲ ಕಟ್ಟುಕಟ್ಟಳೆ ಇತ್ತು. ಜಗಳ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು! ಆದರೆ ಜಗಳಾಡಿದವರು ಸಂಜೆ ಅದೇ ದಂಡೆಯಲ್ಲಿ ಮುಖ ನೋಡಬೇಕಾಗಿತ್ತು.

ಹೆಂಗಸರ ಪಾಲೇನು ಎಂದು ನೀವು ಕೇಳಬಹುದು. ನೈಲಾನು ಬರುವ ಮೊದಲು ಸೆಣಬಿನ ನೂಲು ತೆಗೆಯುತ್ತಿದ್ದವರು ಮನೆಯ ಹೆಂಗಸರು. ನನ್ನ ಅಜ್ಜಿಯ ಹೆಬ್ಬೆರಳಿನ ಪಕ್ಕದಲ್ಲಿ ನೂಲು ಉಜ್ಜಿ ಉಜ್ಜಿ ಆದ ಗೆರೆ ಸಾಯುವವರೆಗೂ ಇತ್ತು. ಬಲೆ ದಂಡೆಗೆ ಬಂದಮೇಲೆ ಮೀನು ಹೆಂಗಸರದೇ. ರಾಶಿ ಹಾಕಿ, ನೂರರ ಲೆಕ್ಕದಲ್ಲಿ ಎಣಿಸಿ ಕೊಂಡು, ಬುಟ್ಟಿ ಹೊತ್ತು ಊರೂರು ತಿರುಗುವುದು. ಉಳಿದದ್ದಕ್ಕೆ ಉಪ್ಪು.

ಉಪ್ಪಿನ ಕಥೆಯನ್ನು ಇಲ್ಲಿ ಹೇಳದೆ ಇರಲಾರೆ. ಬ್ರಿಟಿಷರ ಕಾಲದಲ್ಲಿ ಉಪ್ಪಿಗೆ ತೆರಿಗೆ ಇದ್ದದ್ದು ಎಲ್ಲರಿಗೂ ಗೊತ್ತು. ದುಬಾರಿ ಉಪ್ಪಿನಿಂದ ಮೀನು ಕೆಡುತ್ತದೆ, ಮೀನುಗಾರರು ಬಡವಾಗುತ್ತಾರೆ ಎಂಬ ಮಾತನ್ನು ಸರಕಾರದ ಕಿವಿಗೆ ಹಾಕಿದವರಲ್ಲಿ ಫ್ರಾನ್ಸಿಸ್ ಡೇ ಮುಖ್ಯ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದು ಮೀನುಗಳ ಹುಚ್ಚು ಹಿಡಿಸಿಕೊಂಡ ಈತ 1873ರಲ್ಲಿ ಭಾರತದ ಕಡಲ ಮೀನುಗಾರಿಕೆಯ ಮೇಲೆ ವರದಿ ಬರೆದ. ಆಮೇಲೆ ಮದರಾಸು ಪ್ರಾಂತ್ಯದ ಕರಾವಳಿಯಲ್ಲಿ, ನಮ್ಮ ದಕ್ಷಿಣ ಕನ್ನಡದಲ್ಲೂ, ಮೀನು ಒಣಗಿಸುವ ಸರಕಾರಿ ಯಾರ್ಡುಗಳಾದವು. ಬೇಲಿಯೊಳಗೆ ಅಗ್ಗದ ಉಪ್ಪು. ಅಲ್ಲಿಯೇ ಮೀನಿಗೆ ಹಾಕಬೇಕು, ಹೊರಗೆ ಒಂದು ಹರಳೂ ಹೋಗಕೂಡದು. ಕಾಯುವುದಕ್ಕೆ ಜವಾನ. ಅಜ್ಜಿ ಹುಡುಗಿಯಾಗಿದ್ದಾಗ ಸೆರಗಿನ ತುದಿಯಲ್ಲಿ ಒಂದು ಮುಷ್ಟಿ ಉಪ್ಪು ಗಂಟು ಕಟ್ಟಿಕೊಂಡು ಹೊರಬೀಳುವಾಗ ಸಿಕ್ಕಿಬಿದ್ದಳಂತೆ. ಗಂಟು ಬಿಚ್ಚಿ ಝಾಡಿಸಿ ಬಿಟ್ಟರಂತೆ. ‘ಗಾಂಧಿ ಮಾಡಿರೆ ಸತ್ಯಾಗ್ರಹ, ನಾನ್ ಮಾಡಿರೆ ಕಳ್ಳತನ’ ಎಂದು ಹೇಳಿ ನಗುತ್ತಿದ್ದಳು. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ.

1973ರಲ್ಲಿ ಅಜ್ಜಿ ತನ್ನ ಎರಡು ಚಿನ್ನದ ಬಳೆ ಮಾರಿ ರಂಪಣಿಗೆ ನೈಲಾನಿನ ತುಂಡುಗಳನ್ನು ಕೊಂಡಿದ್ದಳು. ಹಳೆಯ ಸೆಣಬಿನ ತುಂಡಿಗೆ ಪಾಲು ಕಡಿಮೆಯಾಗುತ್ತಿತ್ತು. ಮಗನಿಗೆ ಒಂದು ಭದ್ರ ಪಾಲಿರಲಿ ಎಂಬ ಆಸೆ. ನಾನು ಕಂಡ ಆ ಬಲೆಯಲ್ಲಿ ಅಜ್ಜಿಯ ಬಳೆಗಳೂ ಇದ್ದವು.

ಎರಡು ವರ್ಷ ಕಳೆಯುವುದರೊಳಗೆ, 1975-76ರ ಹೊತ್ತಿಗೆ, ನಮ್ಮ ಕರಾವಳಿಗೆ ಪರ್ಸೀನ್ ಬಂತು. ಇಂಜಿನು ಬೋಟುಗಳೂ ತಳ ಎಳೆಯುವ ಟ್ರಾಲ್ ಬಲೆಗಳೂ ಅದಕ್ಕೂ ಮೊದಲೇ ಬಂದಿದ್ದವು. ಆದರೆ ಅವು ಹೆಚ್ಚಾಗಿ ಸಿಗಡಿಯ ಹಿಂದೆ ಹೋಗುತ್ತಿದ್ದವು. ಪರ್ಸೀನ್ ಹಾಗಲ್ಲ. ಹಿಂಡಿನ ಸುತ್ತ ಗೋಡೆಯಂತೆ ಬಲೆ ಬಿಟ್ಟು, ತಳದ ಉಂಗುರಗಳಲ್ಲಿ ಹಾದ ಹಗ್ಗವನ್ನು ಎಳೆದರೆ ನಮ್ಮ ಎಲೆಯಡಿಕೆಯ ಸಂಚಿಯಂತೆ ಬಾಯಿ ಕಟ್ಟಿಕೊಳ್ಳುತ್ತದೆ. ಒಂದು ಬೋಟಿಗೆ 20-25 ಜನ ಸಾಕು. ರಂಪಣಿಯವರು ಮೀನು ದಂಡೆಗೆ ಬರುವವರೆಗೆ ಕಾಯಬೇಕು. ಪರ್ಸೀನಿನವರು ಅದು ಬರುವ ದಾರಿಯಲ್ಲೇ ಹೋಗಿ ಹಿಡಿದರು. ಬ್ಯಾಂಕಿನ ಸಾಲ ಸಿಕ್ಕವರು, ಕೈಯಲ್ಲಿ ದುಡ್ಡಿದ್ದವರು ಬೋಟು ಮಾಡಿದರು. ಬೋಟಿನವರಿಗೂ ದಂಡೆಯವರಿಗೂ ಕಾದಾಟಗಳಾದವು. ಆದರೂ ನಾಲ್ಕೈದು ವರ್ಷಗಳಲ್ಲಿ ದೊಡ್ಡ ರಂಪಣಿ ಬಹುಮಟ್ಟಿಗೆ ನಿಂತೇಹೋಯಿತು. ದಂಡೆಗೆ ಹತ್ತಿರದ ನೀರನ್ನು ನಾಡದೋಣಿಗಳಿಗೆ ಮೀಸಲಿಡುವ ರಾಜ್ಯದ ಕಾಯಿದೆ ಬಂದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮನೆಯ ತುಂಡುಗಳು ಅಟ್ಟ ಸೇರಿ, ಅಲ್ಲಿಂದ ಇಳಿದು, ಹರಿವೆ ಬಸಳೆಗೆ ಕೋಳಿ ಬಾರದಂತೆ ಬೇಲಿಯಾಗಿದ್ದವು.

ಹೆಂಗಸರಿಗಾದ ನಷ್ಟವನ್ನು ಬರೆದವರು ಕಡಿಮೆ. ಮೀನು ಮನೆಯ ಮುಂದಿನ ದಂಡೆಗೆ ಬರುವುದು ನಿಂತು ಬಂದರಿಗೆ ಹೋಗತೊಡಗಿತು. ಗಂಗೊಳ್ಳಿಗೋ ಮಲ್ಪೆಗೋ ನಸುಕಿನಲ್ಲೇ ಹೋಗಬೇಕು, ಅಲ್ಲಿ ಐಸು, ಲಾರಿ ಇಟ್ಟುಕೊಂಡ ವ್ಯಾಪಾರಿಗಳ ಜೊತೆ ಹರಾಜಿನಲ್ಲಿ ನಿಲ್ಲಬೇಕು. ಬುಟ್ಟಿ ಇದ್ದರೆ ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಅಜ್ಜಿ ಒಂದು ವರ್ಷ ಹಾಗೆ ಓಡಾಡಿದಳು, ಆಮೇಲೆ ಆಗಲಿಲ್ಲ.

1979ರಲ್ಲಿ ಮಾವ ಒಂದು ಪರ್ಸೀನ್ ಬೋಟಿಗೆ ಕೆಲಸಕ್ಕೆ ಸೇರಿದರು. ಮೊದಲ ದಿನ ತಂದ ಬಂಗುಡೆಯನ್ನು ಅಜ್ಜಿ ಮುಟ್ಟಲಿಲ್ಲ. ಚಿಕ್ಕಮ್ಮ ತೊಳೆದು ಸಾರು ಮಾಡಿದಳು. ಅಜ್ಜಿ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡಳು. ಮಾವನೂ ಏನೂ ಹೇಳಲಿಲ್ಲ. ಎಷ್ಟು ದಿನ ಹಾಗೆ ನಡೆಯಿತೋ, ನಮ್ಮ ರಜೆ ಮುಗಿದು ನಾವು ಹೊರಟುಬಿಟ್ಟೆವು. ಮುಂದಿನ ಬೇಸಗೆಗೆ ಬಂದಾಗ ಅಜ್ಜಿ ತಿನ್ನುತ್ತಿದ್ದಳು. ಮಾವ ಆ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಇದ್ದರು. ನಾನು ಬಿ.ಎಡ್. ಓದುವಾಗ ಅಪ್ಪನಿಗೆ ಕಾಯಿಲೆ. ಫೀಸು, ಹಾಸ್ಟೆಲಿನ ಖರ್ಚು ಮಾವನೇ ಕಳಿಸಿದರು. ಅಜ್ಜಿಯ ಬಳೆಯನ್ನು ನುಂಗಿದ ಬಲೆಯ ದುಡ್ಡಿನಲ್ಲಿ ನಾನು ಮೇಷ್ಟರಾದೆ. ಇದನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ನನಗೆ ಈಗಲೂ ತಿಳಿಯದು. ಮಾವನನ್ನು ಒಮ್ಮೆ ಕೇಳಿದ್ದೆ, ‘ಅಲ್ಲಿ ಕೆಲಸ ಮಾಡುವಾಗ ಬೇಜಾರಾಗುತ್ತಿರಲಿಲ್ಲವೇ?’ ಎಂದು. ‘ನೀರಲ್ ನಿಂತವನಿಗ್ ಬೇಜಾರ್ ಮಾಡುಕೆ ಹೊತ್ತೆಲ್ಲಿತ್ತ್ ಮಗಾ?’ ಎಂದರು.

ಅಂದು ಜಗಲಿಯಲ್ಲಿ ಅಳಿಯನ ಪಟ್ಟಿಯನ್ನು ಮಾವ ಒಂದೊಂದಾಗಿ ಅಳಿಸಿಹಾಕಿದರು. ತಡೆಗೋಡೆಯ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಬಿದ್ದರೆ ಕಲ್ಲುಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ, ಮಗುವನ್ನು ಕರೆದುಕೊಂಡು ಅಲ್ಲಿಗೆ ಬೇಡವೇ ಬೇಡ. ಸೋಮೇಶ್ವರದ ಬಂಡೆಯ ಮೇಲೆ ಹತ್ತು ಅಲೆ ಸಣ್ಣದಾಗಿ ಬಂದು ಹನ್ನೊಂದನೆಯದು ಎತ್ತಿಕೊಂಡು ಹೋಗುತ್ತದೆ. ಮರವಂತೆ ನೋಡಲು ಚಂದ, ತೆರೆಯ ಹೊಡೆತಕ್ಕೆ ಗಾಳ ನಿಲ್ಲುವುದಿಲ್ಲ. ಮಲ್ಪೆಯ ದೋಣಿಗೆ ಹೋದರೆ ಬಾಡಿಗೆ ಕೊಟ್ಟ ದುಡ್ಡಿಗೆ ಅಂಜಲ್ ಮೀನನ್ನೇ ಕೊಂಡು ತರಬಹುದು. ಅಳಿಯನ ಮುಖ ಸಣ್ಣಗಾಯಿತು.

‘ಹ್ವಾಯ್, ಹಿತ್ಲ್ ಬದಿ ಹೊಳೆ ಇತ್ತಲ್ದಾ?’ ಎಂದರು ಮಾವ.

ಅಷ್ಟು ದೂರದಿಂದ ಬಂದು ಹಿತ್ತಿಲಲ್ಲಿ ಮೀನು ಹಿಡಿಯುವುದೇ ಎಂದು ಮಗಳಿಗೆ ನಗು. ಮಾವ ವಿವರಿಸಿದರು. ಭರತದ ನೀರು ಅಳಿವೆಯಿಂದ ಒಳಗೆ ನುಗ್ಗುವಾಗ ಅದರ ಜೊತೆ ಮೀನೂ ಮೇವಿಗೆ ಬರುತ್ತದೆ. ಹಳೆಯ ದೋಣಿಕಟ್ಟೆಯ ಹತ್ತಿರ ನೀರು ತಿರುಗುವ ಒಂದು ಮೂಲೆಯಿದೆ, ಅಲ್ಲಿ ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಹುಣ್ಣಿಮೆಯ ಹೊತ್ತಿಗಾದರೆ ಸೆಳವು ಜೋರು, ಏಕಾದಶಿಗೆ ಪರವಾಗಿಲ್ಲ. ‘ಮೀನ್ ಬಪ್ಪು ಹೊತ್ತಿಗ್ ಅಲ್ಲ್ ಇರ್ಕ್, ಅಷ್ಟೆ’ ಎಂದರು. ಪ್ಲಾಸ್ಟಿಕ್ ಮೀನುಗಳನ್ನು ಮೊಮ್ಮಗಳಿಗೆ ಆಡಲು ಕೊಡಿಸಿ, ಪಕ್ಕದ ಮನೆಯಿಂದ ಒಂದು ಮುಷ್ಟಿ ಚಟ್ಲಿ, ಅಂದರೆ ಸಿಗಡಿ, ತರಿಸಿಟ್ಟರು.

ಬೆಳಿಗ್ಗೆ ಆರಕ್ಕೆ ಹೋದೆವು. ಮಾವ ಕೋಲು ಹಿಡಿದು ನಿಧಾನಕ್ಕೆ ಬಂದು ತೆಂಗಿನ ಬುಡದಲ್ಲಿ ಕುಳಿತರು. ಅಳಿಯನ ರಾಟೆ ಎರಡು ಬಾರಿ ಸಿಕ್ಕು ಬಿತ್ತು. ಬರಿಯ ಕೈನೂಲಿನಲ್ಲಿ ಮಾವ ಮೊದಲ ಕಾಣೆ ಎಳೆದರು, ಗೇಣುದ್ದದ್ದು, ಬೆಳ್ಳಗೆ ಮಿಂಚುತ್ತಿತ್ತು. ಆಮೇಲೆ ಅಳಿಯನಿಗೂ ಎರಡು ಸಿಕ್ಕವು. ಮೊಮ್ಮಗಳ ಗಾಳಕ್ಕೆ ಬಿದ್ದದ್ದು ಬೆರಳುದ್ದದ ಕೆಂಬೇರಿಯ ಮರಿ. ಅದನ್ನು ನೀರಿಗೆ ಬಿಡು ಎಂದು ಮಾವ ಹೇಳಿದಾಗ ಅವಳು ಒಪ್ಪಲಿಲ್ಲ. ಕೊಡದಲ್ಲಿ ಸಾಕುತ್ತೇನೆಂದು ಹಟ ಮಾಡಿ, ಕೊನೆಗೆ ಅಳುತ್ತಲೇ ಬಿಟ್ಟಳು.

ಎಂಟೂವರೆಗೆ ನೀರು ನಿಂತಿತು, ಮತ್ತೆ ಹಿಂದಕ್ಕೆ ಹರಿಯತೊಡಗಿತು. ಇನ್ನು ಸಾಕು ಎಂದು ಮಾವ ಎದ್ದರು. ಅಳಿಯನಿಗೆ ಹುರುಪು ಬಂದಿತ್ತು, ಇನ್ನೂ ಒಂದು ಗಂಟೆ, ಇನ್ನೂ ಸ್ವಲ್ಪ ಎಂದು ನಿಂತ. ನಾನೂ ಅವನ ಜೊತೆ ಉಳಿದೆ. ಹನ್ನೊಂದರ ಹೊತ್ತಿಗೆ ಇಳಿತದಲ್ಲಿ ಮರಳದಿಬ್ಬ ಮೇಲೆದ್ದಿತು. ಚಿಪ್ಪು ಹೆಕ್ಕುವ ಐದಾರು ಹೆಂಗಸರು ಸೀರೆ ಎತ್ತಿಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಬುಟ್ಟಿಗಳನ್ನು ತೇಲಿಸಿಕೊಂಡು ಬಂದರು. ಅವರಲ್ಲಿ ನನ್ನ ವಯಸ್ಸಿನವಳೊಬ್ಬಳು ಅಳಿಯನ ಕೋಲನ್ನೂ ನೂಲು ಹೋದ ದಿಕ್ಕನ್ನೂ ನೋಡಿದಳು. ಇಲ್ಲಿ ನಾವು ಕಾಲಿನಿಂದ ತಡವಿ ಚಿಪ್ಪು ಹುಡುಕುವುದು, ಗಾಳ ಕಾಲಿಗೆ ಚುಚ್ಚಿದರೆ ಕಷ್ಟ, ಸ್ವಲ್ಪ ಆಚೆ ಹಾಕಿ ಎಂದು ಮರ್ಯಾದೆಯಿಂದಲೇ ಹೇಳಿದಳು.

ಅಳಿಯ ಸರಸರನೆ ನೂಲು ಸುತ್ತಿಕೊಂಡ. ಆಚೆ ಎಲ್ಲಿ ಹಾಕಬಹುದು ಎಂದು ಅವಳನ್ನೇ ಕೇಳಿದ. ಈ ಹೊತ್ತಿಗೆ ಎಲ್ಲೂ ಸಿಗುವುದಿಲ್ಲವೆಂದು ಅವಳು ನಕ್ಕು ನೀರಿಗಿಳಿದಳು. ನಾನು ಬುಟ್ಟಿಯಲ್ಲಿದ್ದ ಮೂರು ಕಾಣೆಗಳನ್ನು ತೊಳೆಯಲು ಒಯ್ದೆ.